ಬ್ಯಾಟರಿ ತೆಗೆದು ನೋಡಿ, ತುಕ್ಕು ಅಲ್ಲೇ ಅಡಗಿರುತ್ತದೆ

ಕರಾವಳಿಯಲ್ಲಿ ಓಡಿದ ಹಳೇ ಮಾರುತಿ 800ರ ಬ್ಯಾಟರಿ ಹೊರತೆಗೆದರೆ, ಅದರಡಿಯ ತಗಡಿನ ಟ್ರೇ ಹಪ್ಪಳದ ಹಾಗೆ ಪದರ ಪದರ ಎದ್ದಿರುವುದು ಮಾಮೂಲು. ಉಪ್ಪುಗಾಳಿಯ ಜತೆಗೆ ಬ್ಯಾಟರಿಯಿಂದ ಜಿನುಗುವ ಆಸಿಡ್ ಬೇರೆ. ಒಂದು ಜುಲೈನಲ್ಲಿ ನಾನು ಆ ತುಕ್ಕಿನ ಮೇಲೇ ಕಪ್ಪು ಬಣ್ಣ ಬಳಿದು ಕೈತೊಳೆದುಕೊಂಡಿದ್ದೆ. ದೀಪಾವಳಿ ಹೊತ್ತಿಗೆ ಗುಳ್ಳೆ ಎದ್ದು, ಉಗುರು ತಾಗಿಸಿದರೆ ಸಿಪ್ಪೆಯಂತೆ ಕಿತ್ತುಬಂತು. ಈ ಕೆಲಸಕ್ಕೆ ಮಳೆಗಾಲ ಬೇಡವೇ ಬೇಡ.

10ರ ಸ್ಪ್ಯಾನರ್ ಹಿಡಿದು ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಕ್ರಮ ತಪ್ಪಿ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯನ್ನು ವಾಲಿಸದೆ ನೆಟ್ಟಗೆ ಎತ್ತಿ ದೂರ ಇಡಿ.

ಒಂದು ಲೀಟರ್ ನೀರಿಗೆ ಎರಡು ಮೂರು ಚಮಚ ಅಡುಗೆ ಸೋಡಾ ಕದಡಿ ಟ್ರೇಗೆ ಸುರಿಯಿರಿ. ಬುಸ್ಸೆಂದು ನೊರೆ ಬರುತ್ತದೆ. ಮತ್ತೆ ಸುರಿದಾಗ ನೊರೆ ಏಳದಿದ್ದರೆ ಆಸಿಡ್ ಸತ್ತಿದೆ ಎಂದರ್ಥ. ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ.

ಈಗ ಸ್ಕ್ರೂ ಡ್ರೈವರ್‌ನಿಂದ ಅಲ್ಲಲ್ಲಿ ಒತ್ತಿ ನೋಡಿ. ತೂತು ಬಿದ್ದರೆ ಟಿಂಕರಿಂಗ್ ಅಂಗಡಿಗೆ ಹೋಗಿ ವೆಲ್ಡಿಂಗ್ ಮಾಡಿಸಬೇಕು. ಪುಟ್ಟಿ (ತೂತಿಗೆ ಮೆತ್ತುವ ಪೇಸ್ಟ್) ಹಾಕಿ ಮುಚ್ಚಿಕೊಡ್ತೇನೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ; ಬ್ಯಾಟರಿಯ ಭಾರ ಹೊರುವುದು ತಗಡು, ಪುಟ್ಟಿಯಲ್ಲ.

ತಗಡು ಗಟ್ಟಿ ಇದ್ದರೆ ಮಾಸ್ಕ್, ಕನ್ನಡಕ ಹಾಕಿಕೊಂಡು ಕೂತುಕೊಳ್ಳಿ. ಒಟ್ಟು ಕೆಲಸದ ಮುಕ್ಕಾಲು ಪಾಲು ಇದೇ. ತಂತಿ ಬ್ರಷ್‌ನಲ್ಲಿ ಪದರ ಉದುರಿಸಿ, 80 ನಂಬರಿನ ಎಮರಿ ಪೇಪರ್‌ನಲ್ಲಿ ಹೊಳಪು ಕಾಣುವವರೆಗೆ ಉಜ್ಜಿ, 220ರಲ್ಲಿ ನಯ ಮಾಡಿ. ಸುತ್ತಲಿನ ಒಳ್ಳೆಯ ಬಣ್ಣವನ್ನೂ ಒಂದು ಇಂಚು ಉಜ್ಜಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಣ್ಣ ಎಲ್ಲಿ ಮುಗಿಯಿತು ಎಂದು ಗೊತ್ತಾಗಬಾರದು. ಗುಳಿಗಳಲ್ಲಿ ಉಳಿಯುವ ಕರಿಚುಕ್ಕೆ ಉಜ್ಜಿದರೆ ಹೋಗುವುದಿಲ್ಲ. ಅದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಗ್ಲೌಸ್ ಮರೆಯಬೇಡಿ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿಸಿ ಅಲ್ಲೇ ಕೂರಿಸುತ್ತದೆ. ತೊಳೆಯಬೇಕೋ ಬೇಡವೋ ಡಬ್ಬಿಯ ಮೇಲೆ ಬರೆದಿರುತ್ತದೆ.

ಸುತ್ತ ಪೇಪರ್, ಟೇಪ್ ಅಂಟಿಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬರಿಗೈ ತಾಗಿಸಬೇಡಿ, ಬೆವರಿನಲ್ಲೂ ಉಪ್ಪಿದೆ. ಪ್ರೈಮರ್, ಅಂದರೆ ಬಣ್ಣದ ಅಡಿಯ ಕೋಟ್, ಅವತ್ತೇ ಆಗಬೇಕು. ಬೆತ್ತಲೆ ತಗಡನ್ನು ರಾತ್ರಿ ಬಿಟ್ಟರೆ ಬೆಳಗ್ಗೆ ಹಳದಿ ತಿರುಗಿರುತ್ತದೆ. ರೆಡ್ ಆಕ್ಸೈಡ್ ಪ್ರೈಮರ್ ಎರಡು ತೆಳು ಕೋಟ್ ಸಾಕು, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದು ನೀರು ಹೀರುತ್ತದೆ. ಮೇಲೆ ಕಪ್ಪು ಎನಾಮಲ್ ಎರಡು ಕೋಟ್ ಕೊಡಿ. ಸ್ಪ್ರೇ ಆದರೆ ಒಂದು ಗೇಣು ದೂರ. ಇಂಥ ಎನಾಮಲ್ ಜಾತಿಯ ಪ್ರೈಮರ್ ಮೇಲೆ ಥಿನ್ನರ್ ಜೋರಾಗಿರುವ ಬೇರೆ ಜಾತಿಯ ಬಣ್ಣ ಹೊಡೆದರೆ ಸುಕ್ಕುಗಟ್ಟೀತು.

ಮರುದಿನ ಬ್ಯಾಟರಿ ಕೂರಿಸಿ. ಈ ಸಲ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಟರ್ಮಿನಲ್‌ಗಳಿಗೆ ವ್ಯಾಸಲೀನ್ ಸವರಿ. ಕೈ ಕೊಳೆಯಾಗಿಯೇ ಇರುತ್ತದಲ್ಲ, ಬಾಗಿಲುಗಳ ತಳದಂಚಿನ ನೀರಿಳಿಯುವ ತೂತಿಗೂ ಒಂದು ತಂತಿ ಹಾಕಿ ತಿರುಗಿಸಿ. ನಮ್ಮ ಕಾರಿನ ಎಡಬಾಗಿಲಿಂದ ಒಂದು ಲೋಟ ಕೆಸರುನೀರು ಇಳಿದಿತ್ತು.