ರಾತ್ರಿಯ ಆಟಕ್ಕೆ 720 ಜಿಬಿ: ನನ್ನ ಎಡಿಟಿಂಗ್ ಕಂಪ್ಯೂಟರ್ ಕೂಡಿಸಿದ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮದುವೆ, ಉಪನಯನಗಳ ವಿಡಿಯೋ ಮಾಡುವುದು ನನ್ನ ಹೊಟ್ಟೆಪಾಡು. ಮೇಳಗಳ ತಿರುಗಾಟ ಶುರುವಾದ ಮೇಲೆ ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟ ದಾಖಲಿಸುವುದು ನನ್ನ ಒಲವು. ಈಗೀಗ ಅದೂ ಕೆಲಸವೇ ಆಗಿದೆ. ಈ ಕಸುಬಿಗೆ ಹೊಸದಾಗಿ ಇಳಿದ ಹುಡುಗರು ಆಗಾಗ ಬಂದು, “ಅಣ್ಣ, ಎಡಿಟಿಂಗಿಗೆ ಯಾವ ಕಂಪ್ಯೂಟರ್ ಕೊಳ್ಳಲಿ?” ಎಂದು ಕೇಳುತ್ತಾರೆ. ಕೇಳುವಾಗಲೇ ಒಂದು ಪ್ರೊಸೆಸರಿನ ಹೆಸರು ಅವರ ನಾಲಿಗೆಯ ತುದಿಯಲ್ಲಿರುತ್ತದೆ. ನಾನು ಮಾತ್ರ ಅವರ ಕ್ಯಾಮೆರಾ ಎಂಥ ಫೈಲ್ ಬರೆಯುತ್ತದೆ, ಗಂಟೆಗೆ ಎಷ್ಟು ಜಾಗ ತಿನ್ನುತ್ತದೆ ಎಂದು ವಿಚಾರಿಸುತ್ತೇನೆ. ಅದು ಗೊತ್ತಾಗದೆ ಅಂಗಡಿಗೆ ಹೋಗಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನನ್ನ ಲೆಕ್ಕ ಹೀಗಿದೆ. ಎರಡು ಕ್ಯಾಮೆರಾ, ಎರಡರಲ್ಲೂ 4ಕೆ, ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್; ಹಾಗಾಗಿ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ರಾತ್ರಿ ಒಂಬತ್ತೂವರೆಗೆ ಚೌಕಿಪೂಜೆ ಮುಗಿಸಿ ಆರಂಭವಾದ ಆಟ ಬೆಳಗಿನ ಐದೂವರೆಗೆ ಮಂಗಳ ಹಾಡುತ್ತದೆ ಎಂದುಕೊಂಡರೆ ಎಂಟು ಗಂಟೆ. ಎರಡು ಕ್ಯಾಮೆರಾ ಸೇರಿ 720 ಜಿಬಿ. ಮದುವೆಯಲ್ಲಿ ಕ್ಯಾಮೆರಾ ನಿಲ್ಲಿಸಿ ನಿಲ್ಲಿಸಿ ಹಿಡಿಯುತ್ತೇವೆ. ಆಟದಲ್ಲಿ ಹಾಗಾಗುವುದಿಲ್ಲ, ಭಾಗವತರ ಯಾವ ಪದ್ಯ ಅಂದು ಏರುತ್ತದೆಂದು ಯಾರಿಗೆ ಗೊತ್ತು? ಹಾಗಾಗಿ ಎಲ್ಲವೂ ಬೇಕು.

ಈ ಒಂದು ಸಂಖ್ಯೆಯೇ ನನ್ನ ಡಿಸ್ಕುಗಳನ್ನೆಲ್ಲ ಆರಿಸಿತು. ನಡೆಯುತ್ತಿರುವ ಕೆಲಸ ಒಂದು 2 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿರುತ್ತದೆ. ಎರಡು ಆಟಗಳ ಫೂಟೇಜು ಹಿಡಿದು ಸ್ವಲ್ಪ ಉಸಿರಾಡಲು ಜಾಗ ಉಳಿಯುತ್ತದೆ. ವಿಂಡೋಸ್ ಮತ್ತು ತಂತ್ರಾಂಶಗಳಿಗೆ 500 ಜಿಬಿಯ ಬೇರೆ ಎಸ್‌ಎಸ್‌ಡಿ, ನನ್ನ ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್ ತಾನೇ ಬರೆದುಕೊಳ್ಳುವ ತಾತ್ಕಾಲಿಕ ಕ್ಯಾಶ್ ಫೈಲುಗಳಿಗೆ ಮತ್ತೊಂದು ಚಿಕ್ಕದು. ಕ್ಯಾಶ್ ಹೋದರೆ ಮತ್ತೆ ಹುಟ್ಟುತ್ತದೆ, ಅದಕ್ಕೆ ನಕಲು ಬೇಡ. ಮುಗಿದ ಕೆಲಸ 8 ಟಿಬಿಯ ಹಾರ್ಡ್ ಡಿಸ್ಕಿಗೆ ಹೋಗುತ್ತದೆ.

ಎಸ್‌ಎಸ್‌ಡಿ ಕೊಳ್ಳುವಾಗ ಡಬ್ಬಿಯ ಮೇಲೆ ಅಚ್ಚಾದ ವೇಗವನ್ನು ನಾನು ನಂಬುವುದಿಲ್ಲ. ಸೆಕೆಂಡಿಗೆ 5000, 7000 ಮೆಗಾಬೈಟ್ ಎನ್ನುವುದು ಮೊದಲು ಬರೆಯುವ ಸ್ವಲ್ಪ ಭಾಗದ ಮಾತು. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಕ್ಯೂಎಲ್‌ಸಿ ಬಗೆಯ ಅಗ್ಗದ ಡಿಸ್ಕುಗಳಲ್ಲಿ ಒಳಗಿನ ವೇಗದ ಭಾಗ ತುಂಬಿದ ಮೇಲೆ ಬರೆಯುವ ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಕುಸಿಯುತ್ತದೆ. ಆಫೀಸಿನ ಫೈಲು ಇಡುವವರಿಗೆ ಅದು ಎಂದೂ ಗೊತ್ತಾಗುವುದಿಲ್ಲ. ಒಂದೇ ಏಟಿಗೆ 720 ಜಿಬಿ ಸುರಿಯುವ ನಮಗೆ ಗೊತ್ತಾಗುತ್ತದೆ. ಹೆಚ್ಚು ಹಣ ಕೊಟ್ಟು, ಕೋಶಕ್ಕೆ ಮೂರೇ ಬಿಟ್ ಇಡುವ ಟಿಎಲ್‌ಸಿ ತೆಗೆದುಕೊಂಡೆ. ಹಾರ್ಡ್ ಡಿಸ್ಕಿನಲ್ಲೂ ಇಂಥದೇ ಒಂದು ಎಚ್ಚರ ಬೇಕು. ಎಸ್‌ಎಂಆರ್ ಡಿಸ್ಕಿನಲ್ಲಿ ದತ್ತಾಂಶದ ಸಾಲುಗಳು ಹೆಂಚಿನ ಮಾಡಿನಂತೆ ಒಂದರ ಅಂಚಿನ ಮೇಲೆ ಒಂದು ಕೂರುತ್ತವೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನವನ್ನೂ ಎಬ್ಬಿಸಬೇಕಲ್ಲ, ಹಾಗೆಯೇ ಅಲ್ಲೂ ಒಂದು ಸಾಲು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಒಮ್ಮೆ ಬರೆದು ಮುಟ್ಟದೆ ಇಡುವುದಕ್ಕೆ ಅಡ್ಡಿಯಿಲ್ಲ, ಅಳಿಸಿ ಬರೆದು ಮಾಡುವವರಿಗೆ ಸಾಲುಗಳು ಒಂದರ ಮೇಲೊಂದು ಕೂರದ ಸಿಎಂಆರ್ ಡಿಸ್ಕೇ ಬೇಕು. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಕಡಿಮೆ. ಮಾಡೆಲ್ ಸಂಖ್ಯೆ ಬರೆದುಕೊಂಡು ತಯಾರಕರ ಪಟ್ಟಿಯಲ್ಲಿ ನೋಡಿ ಹೋಗಿ.

ಇನ್ನು ಪ್ರೊಸೆಸರ್. ನನ್ನ ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಬರೆಯುತ್ತವೆ; ಎಚ್.265 ಎಂದರೆ ವಿಡಿಯೋವನ್ನು ಕುಗ್ಗಿಸಿ ಬರೆಯುವ ಒಂದು ಬಗೆ, ಉಳಿದೆರಡು ಬಣ್ಣದ ವಿವರ ಎಷ್ಟು ಉಳಿಯುತ್ತದೆಂದು ಹೇಳುವ ಸಂಖ್ಯೆಗಳು. ಇಂಥ ಫೈಲಿನಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಇರುವುದಿಲ್ಲ. ಹಿಂದುಮುಂದಿನ ಚಿತ್ರಗಳಿಗಿಂತ ಏನು ಬದಲಾಗಿದೆ ಎಂಬುದಷ್ಟೇ ಇರುತ್ತದೆ, ಒಂದು ಫ್ರೇಮ್ ತೋರಿಸಬೇಕಾದರೆ ಕಂಪ್ಯೂಟರ್ ಸುತ್ತಲಿನ ಹಲವನ್ನು ಬಿಡಿಸಬೇಕು. ಅದನ್ನು ಬಿಡಿಸಲೆಂದೇ ಇರುವ ಯಂತ್ರಾಂಶ ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿನಲ್ಲಿದೆ, ಹೆಸರು ಕ್ವಿಕ್ ಸಿಂಕ್. ಹನ್ನೊಂದನೆಯ ತಲೆಮಾರಿನಿಂದ ಅದು ಎಚ್.265ರ 4:2:2 ಅನ್ನೂ ಬಿಡಿಸುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳಿಗೆ ಈ ಶಕ್ತಿ ಬಂದದ್ದು 2025ರ 50 ಸರಣಿಯಿಂದ. ನಾನು ಹಾಕಿಸಿದ್ದು 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060, ರಾತ್ರಿಯ ಫೂಟೇಜಿನ ಗ್ರೈನ್ ತೆಗೆಯುವಾಗ ಆ ಮೆಮೊರಿ ಕೆಲಸಕ್ಕೆ ಬರುತ್ತದೆ. ಆದರೆ ಇಂಥ ಫೈಲ್ ಬಿಡಿಸುವುದು ಅದರಿಂದಾಗದು.

ಹೀಗಾಗಿ ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಇಂಟೆಲಿನ ಕೋರ್ ಐ5 13500 ಪ್ರೊಸೆಸರ್ ಕೇಳಿದೆ. ಕೌಂಟರಿನ ಹುಡುಗ, “ಸರ್, ಎಫ್ ಇರುವ ಮಾಡೆಲ್ ತೆಗೆದುಕೊಳ್ಳಿ, ಹಣ ಉಳಿಯುತ್ತದೆ. ಹೇಗೂ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುತ್ತೀರಲ್ಲ” ಎಂದ. ಗೇಮ್ ಆಡುವವರಿಗೆ ಅವನ ಮಾತು ನೂರಕ್ಕೆ ನೂರು ಸರಿ. ಎಫ್ ಎಂಬ ಅಕ್ಷರ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದರ್ಥ, ಅಂದರೆ ಕ್ವಿಕ್ ಸಿಂಕ್ ಕೂಡ ಇಲ್ಲ. ನನಗೆ ಬೇಕಾದದ್ದೇ ಕ್ವಿಕ್ ಸಿಂಕ್. ಎಫ್ ಇಲ್ಲದ ಮಾಡೆಲ್ ಅವನ ಬಳಿ ಇರಲಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸಿಕೊಟ್ಟ. 32 ಜಿಬಿ ರ‍್ಯಾಮ್ ಅನ್ನು 16ರ ಎರಡು ಕಡ್ಡಿಗಳಾಗಿ ಹಾಕಿಸಿದೆ, ಎರಡು ಇದ್ದರೆ ಎರಡು ದಾರಿಯಲ್ಲಿ ಓದುತ್ತದೆ. ರಿಸಾಲ್ವಿನ ಸ್ಟುಡಿಯೋ ಆವೃತ್ತಿಗೆ ಹಣ ಕೊಟ್ಟೆ. ಉಚಿತ ಆವೃತ್ತಿಯೂ ಒಳ್ಳೆಯದೇ, ಮದುವೆ ವಿಡಿಯೋ ಮಾಡುವವರು ಅದರಲ್ಲೇ ಶುರು ಮಾಡಲಿ; ಆದರೆ ವಿಂಡೋಸಿನಲ್ಲಿ ಕ್ವಿಕ್ ಸಿಂಕ್ ಸೌಲಭ್ಯವನ್ನು ಪೂರ್ತಿ ಬಳಸುವುದು ಸ್ಟುಡಿಯೋ.

ಇಷ್ಟೆಲ್ಲ ತಲೆಬಿಸಿ ಏಕೆ ಎಂದರೆ ಚಂಡೆಯ ಪೆಟ್ಟಿಗಾಗಿ. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಬಡಗುತಿಟ್ಟು ಶೈಲಿಯ ವೇಷಧಾರಿ ಮಂಡಿಯಲ್ಲಿ ಸುತ್ತಿ ಎದ್ದು ಕಾಲು ಊರುವುದೂ ಚಂಡೆ ಬೀಳುವುದೂ ಒಂದೇ ಕ್ಷಣ. ಎರಡು ಮೂರು ಫ್ರೇಮ್ ಆಚೀಚೆಯಾದರೆ ನೋಡುವವರ ಕಣ್ಣಿಗೆ ಕಲಾವಿದನೇ ತಾಳ ತಪ್ಪಿದಂತೆ ಕಾಣುತ್ತದೆ. ನಲವತ್ತು ವರ್ಷ ಗೆಜ್ಜೆ ಕಟ್ಟಿದವರಿಗೆ ನನ್ನ ಮೇಜಿನಿಂದ ಆ ಅಪವಾದ ಹೋಗಬಾರದು. ಅದರಲ್ಲೂ ಒಂದು ಸೂಕ್ಷ್ಮವಿದೆ: ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರಂಗಸ್ಥಳದಿಂದ 14 ಮೀಟರ್ ಹಿಂದೆ ನಿಂತ ಕ್ಯಾಮೆರಾಕ್ಕೆ ಚಂಡೆ ಒಂದು ಫ್ರೇಮ್ ತಡವಾಗಿ ಕೇಳಿರುತ್ತದೆ. ಭಾಗವತರ ಬಳಿ ಇಟ್ಟ ರೆಕಾರ್ಡರಿನ ಧ್ವನಿಗೆ ಆ ಕ್ಯಾಮೆರಾದ ಧ್ವನಿಯನ್ನು ತಂತ್ರಾಂಶ ತಾನೇ ಹೊಂದಿಸಿದಾಗ ಧ್ವನಿ ಕೂಡುತ್ತದೆ, ಚಿತ್ರ ಒಂದು ಫ್ರೇಮ್ ಮುಂಚೆ ಓಡುತ್ತದೆ. ಆ ಚಿತ್ರ ಒಂದು ಫ್ರೇಮ್ ತಡವಾಗಿ ಬರುವಂತೆ ಕೈಯಿಂದ ಸರಿಸುತ್ತೇನೆ. ಎರಡು ಕ್ಯಾಮೆರಾಗಳ 4ಕೆ ಒಟ್ಟಿಗೆ ತಡವರಿಸದೆ ಓಡಿದರೆ ಮಾತ್ರ ಇದು ಕಣ್ಣಿಗೆ ಸಿಗುತ್ತದೆ. ತಡವರಿಸುವ ಕಂಪ್ಯೂಟರಿನಲ್ಲಿ ಕುಳಿತವರು ಪ್ರಾಕ್ಸಿ ಮಾಡಿಕೊಳ್ಳಲಿ, ಅಂದರೆ ಎಡಿಟಿಂಗಿಗೆಂದೇ ಹಗುರವಾದ ಚಿಕ್ಕ ನಕಲು. ಹಳೆಯ ಕಂಪ್ಯೂಟರ್ ಇರುವವರಿಗೆ ಹೊಸದನ್ನು ಕೊಳ್ಳುವ ಮೊದಲು ನಾನು ಹೇಳುವ ದಾರಿ ಅದೇ.

ಮಲೆನಾಡಿನಲ್ಲಿ ಕಂಪ್ಯೂಟರಿನಷ್ಟೇ ಯೋಚನೆ ಕರೆಂಟಿನ ಬಗ್ಗೆಯೂ ಬೇಕು. ಎಡಿಟಿಂಗ್ ರಾಶಿ ಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ. ಗುಡುಗು ಸಿಡಿಲಿನ ಮಳೆಯೂ ಆಗಲೇ. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ, ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಮೊದಲು ಅರ್ಥಿಂಗ್ ಹೊಸದಾಗಿ ಮಾಡಿಸಿದೆ: ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ನಂತರ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆಯೆಂದು ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ತೋರಿಸುವ ತನಕ ಬಿಡಲಿಲ್ಲ. ಅರ್ಥ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿ ಹೆಚ್ಚು ಪ್ರಯೋಜನವಿಲ್ಲ, ಅದು ತಡೆದ ಹೊಡೆತ ಹೋಗಲು ದಾರಿ ಬೇಕು.

ಯುಪಿಎಸ್ ಪ್ಯೂರ್ ಸೈನ್ ವೇವ್, ಅಂದರೆ ನಯವಾದ ಅಲೆಯ ಕರೆಂಟ್ ಕೊಡುವುದನ್ನೇ ಆರಿಸಿದೆ. ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆಯೇ ಎಸ್‌ಎಂಪಿಎಸ್; ಈಗಿನ ಒಳ್ಳೆಯವುಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ, ಅಲೆಗೆ ಹೊಂದಿಸಿ ಕರೆಂಟ್ ಎಳೆಯುವ ಸರ್ಕೀಟು ಇರುತ್ತದೆ. ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆ ಕೆಲವಕ್ಕೆ ಹಿಡಿಸುವುದಿಲ್ಲ, ಕರೆಂಟ್ ಹೋದ ಕ್ಷಣದಲ್ಲೇ ಕಂಪ್ಯೂಟರೂ ಆರಬಹುದು. ಯುಪಿಎಸ್ ಮೇಲೆ ಬರೆದ ವಿಎ ಎಂಬ ಸಂಖ್ಯೆಯನ್ನು ವ್ಯಾಟ್ ಎಂದು ತಿಳಿಯಬೇಡಿ. 1000 ವಿಎ ಎಂದು ಬರೆದಿದ್ದು 600 ವ್ಯಾಟ್‌ಗೆ ಮಾತ್ರ ಆಗುವುದು ಸಾಮಾನ್ಯ. ನನ್ನ ಗ್ರಾಫಿಕ್ಸ್ ಕಾರ್ಡು ಒಂದೇ 170 ವ್ಯಾಟ್ ಎಳೆಯುತ್ತದೆ. ಯುಪಿಎಸ್ ಇರುವುದು ಕೆಲಸ ಮುಂದುವರಿಸುವುದಕ್ಕಲ್ಲ, ಡಿಸ್ಕು ಬರೆಯುತ್ತಿರುವುದನ್ನು ಮುಗಿಸಿ ಕ್ರಮವಾಗಿ ಮುಚ್ಚುವುದಕ್ಕೆ. ದೂರದಲ್ಲಿ ಗುಡುಗು ಕೇಳಿದರೆ ಪ್ಲಗ್ ಕಿತ್ತು ಇಡುತ್ತೇನೆ, ಕೇಬಲ್ ಟಿವಿಯ ತಂತಿ, ಹಳೆಯ ತಾಮ್ರದ ಫೋನ್ ಲೈನ್ ಇದ್ದರೆ ಅದನ್ನೂ. ಸಿಡಿಲು ಬರುವುದು ಕರೆಂಟಿನ ತಂತಿಯಿಂದ ಮಾತ್ರವಲ್ಲ.

ಥಂಡಿಗೆ ನನ್ನ ಉಪಾಯ ಸರಳ. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ ಕಂಪ್ಯೂಟರನ್ನು ದಿನಾ ಸ್ವಲ್ಪ ಹೊತ್ತು ಓಡಿಸುತ್ತೇನೆ, ಅದರ ಬಿಸಿಗೆ ಒಳಗೆ ಪಸೆ ನಿಲ್ಲುವುದಿಲ್ಲ. ಬಚ್ಚಲ ಒಲೆಯ ಹೊಗೆ ಬರುವ ಕೋಣೆಯನ್ನು ಮಾತ್ರ ಬಿಟ್ಟೆ. ಕಪಾಟಿನ ಡಿಸ್ಕುಗಳು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇರುತ್ತವೆ, ಲೆನ್ಸಿಗೆ ಬೂಷ್ಟು ಬಾರದಂತೆ ಇಡುವ ಹಾಗೆಯೇ.

ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಫೂಟೇಜು ಇಳಿಸುವುದರಲ್ಲಿ ನಾನು ಯಾರ ಅವಸರಕ್ಕೂ ಬಗ್ಗುವುದಿಲ್ಲ. ಎಳೆದು ಹಾಕಿ ಕಾಪಿ ಮಾಡುವ ಬದಲು ರಿಸಾಲ್ವಿನಲ್ಲೇ ಇರುವ ಕ್ಲೋನ್ ಟೂಲ್ ಬಳಸುತ್ತೇನೆ. ಅದು ನಕಲಾದ ಪ್ರತಿ ಫೈಲನ್ನೂ ಮತ್ತೆ ಓದಿ ಚೆಕ್‌ಸಮ್ ತಾಳೆ ನೋಡುತ್ತದೆ, ಅಂದರೆ ಫೈಲಿನ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ ಮೂಲದ್ದಕ್ಕೆ ಸರಿಹೊಂದುತ್ತದೆಯೇ ಎಂದು. ಸೆಕೆಂಡಿಗೆ 90 ಮೆಗಾಬೈಟ್ ಓದುವ ಕಾರ್ಡಿನಿಂದ 720 ಜಿಬಿ ಇಳಿಯಲು ಎರಡು ಗಂಟೆಗೆ ಮೇಲೆ ಬೇಕು, ತಾಳೆ ನೋಡಲು ಇನ್ನಷ್ಟು. ಆಟ ಮುಗಿಸಿ ಮನೆಗೆ ಬಂದವನು ಇದನ್ನು ಹಚ್ಚಿಟ್ಟು ಮಲಗುತ್ತೇನೆ. ಎರಡು ಡಿಸ್ಕಿನಲ್ಲಿ ನಕಲು ಕೂತ ಮೇಲೆಯೇ ಕಾರ್ಡು ಅಳಿಸುವುದು. ಮೂರನೆಯ ನಕಲು ಸಾಗರದಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ಸಿಡಿಲೋ ಕಳ್ಳನೋ ನನ್ನ ಮನೆಗೆ ಬಂದರೂ ಅಲ್ಲಿಗೆ ಅಂದೇ ಹೋಗುವುದಿಲ್ಲ. ಅಂತರ್ಜಾಲಕ್ಕೆ ಏರಿಸಬಾರದೇ ಎನ್ನುವವರಿದ್ದಾರೆ. ಸೆಕೆಂಡಿಗೆ 40 ಮೆಗಾಬಿಟ್ ಅಪ್‌ಲೋಡ್ ನಿಲ್ಲದೆ ಸಿಕ್ಕರೂ ಒಂದು ಆಟಕ್ಕೆ 40 ಗಂಟೆ ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟೇ ಇರುವುದಿಲ್ಲ. ಎಡಿಟ್ ಆದ ಅಂತಿಮ ಪ್ರತಿಯನ್ನು ಮಾತ್ರ ಏರಿಸುತ್ತೇನೆ.

ರೇಡ್ ಪೆಟ್ಟಿಗೆ ಇದ್ದರೆ ಬ್ಯಾಕಪ್ ಬೇಡ ಎಂಬ ಮಾತನ್ನು ಒಪ್ಪಬೇಡಿ. ಎರಡು ಡಿಸ್ಕಿಗೆ ಏಕಕಾಲಕ್ಕೆ ಬರೆಯುವ ವ್ಯವಸ್ಥೆ ಒಂದು ಡಿಸ್ಕು ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ, ಒಂದೇ ಸಿಡಿಲಿಗೆ ಎರಡೂ ಸುಡುತ್ತವೆ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟ್ ಕೊಡದೆ ಬೀರುವಿನಲ್ಲಿ ಇಡುವುದೂ ಬೇಡ. ಅದರಲ್ಲಿನ ವಿದ್ಯುದಂಶ ನಿಧಾನಕ್ಕೆ ಸೋರುತ್ತದೆ. ಬಹುಕಾಲ ಇಡುವುದಕ್ಕೆ ಹಾರ್ಡ್ ಡಿಸ್ಕೇ ಸರಿ, ಅದೂ ಆಗಾಗ ತಿರುಗಿಸಿ ನೋಡುವುದಾದರೆ. ದೀಪಾವಳಿ ಕಳೆದು ಮೇಳಗಳು ಹೊರಡುವ ಮುನ್ನ ಹಳೆಯ ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಜೋಡಿಸಿ ಚೆಕ್‌ಸಮ್ ತಾಳೆ ನೋಡುತ್ತೇನೆ. ಈ ಸಲ ಹಳೆಯ 4 ಟಿಬಿಗಳನ್ನು ಒಂದು 12 ಟಿಬಿಗೆ ಸುರಿಯುವುದಿದೆ. ಒಟ್ಟು ಹಣದಲ್ಲಿ ಮೂರನೇ ಒಂದು ಪಾಲು ಡಿಸ್ಕು, ಯುಪಿಎಸ್, ಅರ್ಥಿಂಗಿಗೆ ಹೋಯಿತು. ಹೊಸದಾಗಿ ಕೂಡಿಸುವವರು ಹಣ ಸಾಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷಕ್ಕೆ ಬಿಡಿ, ಎರಡನೆಯ ಹಾರ್ಡ್ ಡಿಸ್ಕನ್ನು ಬಿಡಬೇಡಿ.