ಕಾಂಡ್ಲಾ ಕಾಡಿಗೆ ರೆಸಾರ್ಟ್ ಬರುವ ಮುಂಚೆ: ಅಳಿವೆ ಉಳಿಸಲು ನಾವು ಮಾಡುವ ಕೆಲಸ

ಅಳಿವೆಯ ಬದಿಯಲ್ಲಿ ರೆಸಾರ್ಟ್ ಕಟ್ಟಲು ಹೊರಟವರು ಮೊದಲು ಮರ ಕಡಿಯುವುದಿಲ್ಲ, ನೀರು ನಿಲ್ಲಿಸುತ್ತಾರೆ. ಹೊಳೆಯಿಂದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಉಬ್ಬರದ ನೀರು ಹೋಗಿ ಬರುವ ತೋಡಿಗೆ ಒಂದು ಕಟ್ಟ ಹಾಕಿದರೆ ಸಾಕು. ಕೆಸರಿನಲ್ಲಿ ಪೆನ್ಸಿಲ್ ನೆಟ್ಟಂತೆ ಎದ್ದು ನಿಂತಿರುವ, ಅವಿಸೆನಿಯಾ ಎಂಬ ಕಾಂಡ್ಲಾ ಮರದ ಉಸಿರು ಬೇರುಗಳು ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಗಾಳಿಗೆ ತೆರೆದುಕೊಳ್ಳಬೇಕು. ಮಳೆನೀರು ಒಳಗೇ ನಿಂತರೆ, ಅಥವಾ ಬೇರಿನ ಮೇಲೆ ಒಂದಡಿ ಮಣ್ಣು ಬಿದ್ದರೆ ಮರ ಉಸಿರುಗಟ್ಟುತ್ತದೆ. ಎಲೆ ಹಳದಿಯಾಗಿ ಉದುರಿ, ನಿಂತಲ್ಲೇ ಒಣಗುತ್ತದೆ. ಆಮೇಲೆ ಒಣಮರ ತೆಗೆದು "ಇಲ್ಲಿ ಕಾಂಡ್ಲಾ ಇರಲೇ ಇಲ್ಲ" ಎಂದು ಅರ್ಜಿ ಹಾಕುತ್ತಾರೆ. ಆಗ ಕಾಡು ಇತ್ತೆಂದು ತೋರಿಸುವ ಕಾಗದ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಆದ್ದರಿಂದ ನಮ್ಮ ಕೆಲಸ ಮಣ್ಣಿನ ಮೊದಲ ಲೋಡ್ ಬೀಳುವ ಮುಂಚೆಯೇ ಶುರು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಒಂದರ ಬೆನ್ನಿಗೆ ಒಂದು ಹೊಳೆ ಕಡಲು ಸೇರುವ ಕಾಸರಗೋಡು ಜಿಲ್ಲೆ ನಮ್ಮದು. ಪ್ರವಾಸೋದ್ಯಮದ ಕಣ್ಣು ಬಿದ್ದು ಮೂರು ದಶಕವಾಯಿತು. ಬೇಕಲದ ಸುತ್ತ ರೆಸಾರ್ಟ್ ತರುವುದಕ್ಕೆಂದೇ 1995ರಲ್ಲಿ ಸರಕಾರಿ ನಿಗಮವೊಂದು ಹುಟ್ಟಿತು, ತೆಂಕಲಾಗಿ ವಲಿಯಪರಂಬದ ಹಿನ್ನೀರಿನಲ್ಲಿ ಹೌಸ್‌ಬೋಟ್‌ಗಳು ಓಡುತ್ತಿವೆ. ಹೊಸ ಪ್ರಸ್ತಾಪಗಳಿಗೆ ಇಕೋ ಪಾರ್ಕ್, ಬೋರ್ಡ್‌ವಾಕ್, ಹೋಮ್‌ಸ್ಟೇ, ತೇಲುವ ಕಾಟೇಜು ಎಂದು ನಾನಾ ಹೆಸರು. ನಾವು ಹೆಸರಿನ ಜತೆ ಜಗಳಕ್ಕೆ ಹೋಗುವುದಿಲ್ಲ, ಸರ್ವೆ ನಂಬರ್ ಹಿಡಿದುಕೊಳ್ಳುತ್ತೇವೆ.

ನಕ್ಷೆಯ ಕೆಲಸಕ್ಕೆ ಜನವರಿಯಿಂದ ಎಪ್ರಿಲ್‌ವರೆಗಿನ ದಿನಗಳು ಒಳ್ಳೆಯದು. ಗೂಗಲ್ ಅರ್ಥ್ ಪ್ರೊ ಕಂಪ್ಯೂಟರಿಗೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಹಳೆಯ ಉಪಗ್ರಹ ಚಿತ್ರಗಳ ಪಟ್ಟಿ ತೆರೆದು, ಮೋಡವಿಲ್ಲದ ಚಿತ್ರಗಳನ್ನು ಆರಿಸಿ, ಕಾಂಡ್ಲಾದ ಅಂಚಿಗೆ ಗೆರೆ ಎಳೆದು ಪ್ರತಿ ಚಿತ್ರದ ತಾರೀಕಿನೊಂದಿಗೆ ಉಳಿಸುತ್ತೇವೆ. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ: ಉಬ್ಬರದ ಹೊತ್ತಿನ ಚಿತ್ರದಲ್ಲಿ ಕೆಸರುಭೂಮಿ ನೀರಿನಡಿ ಇರುವುದರಿಂದ ಅದು ಹೊಳೆಯಂತೆ ಕಾಣುತ್ತದೆ, ಇಳಿತದ ಚಿತ್ರದಲ್ಲಿ ಅದೇ ಜಾಗ ಬಯಲಿನಂತೆ. ಎರಡನ್ನು ಪಕ್ಕಪಕ್ಕ ಇಟ್ಟು "ನೋಡಿ, ತುಂಬಿಸಿದ್ದಾರೆ" ಎಂದರೆ ಎದುರಿನ ವಕೀಲರು ಒಂದೇ ನಿಮಿಷದಲ್ಲಿ ಅದನ್ನು ಬಿಡಿಸಿಹಾಕುತ್ತಾರೆ. ಮರದ ಹಸಿರು ಅಂಚನ್ನು ಮಾತ್ರ ಹೋಲಿಸಬೇಕು, ನೀರಿನ ಅಂಚನ್ನಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 2015ರಿಂದ ಸಿಗುತ್ತವಾದರೂ ಅದರ ಒಂದು ಚುಕ್ಕೆ ಎಂದರೆ 10 ಮೀಟರ್ ಚೌಕ. ಸಣ್ಣ ಕಾಂಡ್ಲಾ ತುಂಡಿಗೆ ಅದು ಸಾಕ್ಷಿಯಾಗುವುದಿಲ್ಲ, ದೊಡ್ಡ ಅಳಿವೆಯ ಒಟ್ಟು ಬದಲಾವಣೆಗೆ ಮಾತ್ರ ಆದೀತು.

ಎಷ್ಟು ವಿಸ್ತಾರ ಎಂಬುದು ಮುಖ್ಯ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಕಾಂಡ್ಲಾ ಕಾಡು ಅತ್ಯಂತ ಸೂಕ್ಷ್ಮವಾದ ಸಿಆರ್‌ಝಡ್-1ಎ ವರ್ಗಕ್ಕೆ ಸೇರುತ್ತದೆ. 1000 ಚದರ ಮೀಟರಿಗಿಂತ ದೊಡ್ಡದಾದರೆ ಸುತ್ತಲಿನ 50 ಮೀಟರ್ ಬಫರ್ ಕೂಡ ಅದೇ ವರ್ಗ. ಊರಿನ ಲೆಕ್ಕದಲ್ಲಿ 1000 ಚದರ ಮೀಟರ್ ಎಂದರೆ 10 ಆರ್, ಸುಮಾರು 25 ಸೆಂಟ್ಸ್. ಯೋಜನೆಯ ನಕ್ಷೆಯಲ್ಲಿ ಒಂದೇ ಕಾಡನ್ನು ತೋಡುಗಳ ಗೆರೆಯಲ್ಲಿ ಕತ್ತರಿಸಿ, ಎಲ್ಲವನ್ನೂ 20 ಸೆಂಟ್ಸಿನ ತುಂಡುಗಳಾಗಿ ತೋರಿಸಿದ್ದರೆ ಅದು ಈ ಬಫರ್ ತಪ್ಪಿಸುವ ಉಪಾಯ. ಒಂದೇ ಉಬ್ಬರದ ನೀರು ಸೇರಿಸುವ ಕಾಡು ಒಂದೇ ಕಾಡು ಎಂದು ನಾವು ಒಟ್ಟಾಗಿ ಅಳೆದು ಕೊಡುತ್ತೇವೆ.

2019ರ ಅಧಿಸೂಚನೆ ಬಂದ ಮೇಲೆ ಇನ್ನೂ ಎರಡು ವಿಷಯ ಚೆನ್ನಾಗಿ ತಿಳಿದಿರಬೇಕು. ಖಾಸಗಿ ಜಾಗದ ಕಾಂಡ್ಲಾಕ್ಕೆ ಬಫರ್ ಬೇಡ ಎಂದು ಅದರಲ್ಲಿದೆ. ಇದನ್ನು ಕೆಲವರು "ಪಟ್ಟಾ ಜಾಗದ ಕಾಂಡ್ಲಾ ಕಡಿಯಬಹುದು" ಎಂದು ಹೇಳಿಕೊಂಡು ತಿರುಗುತ್ತಾರೆ. ಅದು ಸುಳ್ಳು. ಹೋಗಿರುವುದು ಬಫರ್ ಮಾತ್ರ, ಕಾಂಡ್ಲಾ ನಿಂತ ನೆಲ 1ಎ ಆಗಿಯೇ ಉಳಿಯುತ್ತದೆ. ಇನ್ನೊಂದು ಕಟ್ಟದ ವಿಷಯ. 1991ಕ್ಕಿಂತ ಮುಂಚಿನ ಕಟ್ಟ ಅಥವಾ ಹಲಗೆ ಬಾಗಿಲು ಇದ್ದರೆ ಉಬ್ಬರ ರೇಖೆಯನ್ನು (ಕರಾವಳಿ ವಲಯವನ್ನು ಅಳೆಯಲು ಆಧಾರವಾದ ಗೆರೆ) ಆ ಕಟ್ಟಕ್ಕೇ ನಿಲ್ಲಿಸಬಹುದು. ಆದ್ದರಿಂದಲೇ ಮೊನ್ನೆ ಹಾಕಿದ ಕಟ್ಟವನ್ನೂ "ಅಜ್ಜನ ಕಾಲದ್ದು" ಎನ್ನುತ್ತಾರೆ. ಆದರೆ ಅದೇ ಷರತ್ತಿನ ಮುಂದಿನ ಭಾಗವನ್ನು ಯಾರೂ ಓದಿ ಹೇಳುವುದಿಲ್ಲ: ಕಟ್ಟದ ಒಳಗಡೆ ಉಪ್ಪುನೀರು ನುಗ್ಗಿ ಬೆಳೆದ ಕಾಂಡ್ಲಾ ಎಷ್ಟೇ ಚಿಕ್ಕದಿರಲಿ, ಅದು 1ಎ, ಅದನ್ನು ಯಾವ ಅಭಿವೃದ್ಧಿ ಕೆಲಸಕ್ಕೂ ಕೊಡುವಂತಿಲ್ಲ. ಆಕ್ಷೇಪ ಪತ್ರದಲ್ಲಿ ಈ ಎರಡನೆಯ ಭಾಗವನ್ನು ಪೂರ್ತಿಯಾಗಿ ಬರೆದುಕೊಡಿ.

ಕಟ್ಟದ ಪ್ರಾಯ ಸಾಬೀತು ಮಾಡುವುದು ಕಷ್ಟ. ಮೂರು ಮೀಟರ್ ಅಗಲದ ಮಣ್ಣಿನ ಏರಿ ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಕಾಣುವುದೇ ಇಲ್ಲ, ಅದರ ಚುಕ್ಕೆ 30 ಮೀಟರ್. ನಮಗೆ ಆಧಾರವಾಗುವುದು 1996ರಲ್ಲಿ ಒಪ್ಪಿಗೆ ಪಡೆದ ಕೇರಳದ ಮೊದಲ ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆ, ವಿಲೇಜ್ ಆಫೀಸಿನ ಎಫ್‌ಎಂಬಿ ಸ್ಕೆಚ್ (ಸರ್ವೆ ಅಳತೆಯ ನಕ್ಷೆ), ಹಳೆಯ ಟೊಪೊಶೀಟ್, ಮತ್ತು ಅಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರ, ಬಲೆ ಬೀಸುವವರ ಸಹಿ ಇರುವ ಹೇಳಿಕೆ.

ನೆಲದ ಮೇಲಿನ ದಾಖಲೆಗೆ ಇಬ್ಬರು ಸಾಕು. ಇಳಿತದ ಹೊತ್ತಿಗೆ ಕಾಡಿನ ಹೊರ ಅಂಚಿನಲ್ಲಿ ನಡೆದು ಪ್ರತಿ 20 ಹೆಜ್ಜೆಗೆ ಒಂದು ಫೋಟೊ ತೆಗೆಯಬೇಕು. ಫೋನಿನ ಜಿಪಿಎಸ್ ಬಯಲಲ್ಲೇ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಆದ್ದರಿಂದ ಕೊಂಬೆಯ ನೆರಳಿನಿಂದ ಹೊರಗೆ ನಿಂತೇ ಅಳೆಯಿರಿ. ಪ್ರತಿ ಜಾಗದಲ್ಲಿ ಸೇತುವೆ, ಗುಡಿ, ಕರೆಂಟ್ ಕಂಬದಂಥ ಕದಲದ ಗುರುತು ಚೌಕಟ್ಟಿನಲ್ಲಿ ಬರಬೇಕು. ಉಸಿರು ಬೇರಿನ ಪಕ್ಕ ಅಳತೆಯ ಟೇಪ್ ಇಟ್ಟು ಒಂದು ಚಿತ್ರ ಬೇಕೇ ಬೇಕು, ಮಣ್ಣು ಬಿದ್ದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ವಾಟ್ಸ್ಯಾಪಿನಲ್ಲಿ ಕಳಿಸಿದ ಫೋಟೊದಿಂದ ಸ್ಥಳ, ಸಮಯದ ವಿವರ ಅಳಿಸಿಹೋಗುತ್ತದೆ. ಮೂಲ ಫೈಲನ್ನು ಬೇರೆ ಕಾರ್ಡಿಗೆ ಹಾಕಿ ಇಡಿ. ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ವಿಧಿಯ ಪ್ರಮಾಣಪತ್ರ ಬೇಕು. ಫೋಟೊ ತೆಗೆದವರೇ ಅದಕ್ಕೆ ಸಹಿ ಹಾಕಲು ಸಿದ್ಧರಿರಬೇಕು.

ಇನ್ನು ಕಂದಾಯದ ಕಾಗದ. ವಿಲೇಜ್ ಆಫೀಸಿನ ಮೂಲ ತೆರಿಗೆ ಪುಸ್ತಕವಾದ ಬಿಟಿಆರ್‌ನಲ್ಲಿ ಜಾಗ 'ನಿಲಂ' (ಗದ್ದೆ) ಎಂದಿದೆಯೋ 'ಪುರಯಿಡಂ' (ಹಿತ್ತಿಲು) ಎಂದಿದೆಯೋ 'ಪುರಂಬೋಕು' (ಸರಕಾರಿ ಜಾಗ) ಎಂದಿದೆಯೋ ನೋಡಿ. ಅಳಿವೆ ಬದಿಯ ಎಷ್ಟೋ ಯೋಜನೆಗಳಲ್ಲಿ ಒಂದು ಪಾಲು ಹೊಳೆ ಪುರಂಬೋಕಿನೊಳಗೆ ಸೇರಿಕೊಂಡಿರುತ್ತದೆ. 2008ರ ಕೇರಳ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತೇವಭೂಮಿಯ ವ್ಯಾಖ್ಯೆಯಲ್ಲಿ ಅಳಿವೆ, ಹಿನ್ನೀರು, ಕಾಂಡ್ಲಾ ಎಲ್ಲ ಬರುತ್ತವೆ. ಗದ್ದೆ, ತೇವಭೂಮಿಗಳ ಪಟ್ಟಿಯಾದ ಪಂಚಾಯತಿನ ಡೇಟಾ ಬ್ಯಾಂಕಿನಲ್ಲಿ ಆ ಸರ್ವೆ ನಂಬರ್ ಇದೆಯೇ ಎಂದು ಕೇಳಿ. ರಿಸರ್ವೆ ಆದ ಊರುಗಳಲ್ಲಿ ಹಳೆ ನಂಬರ್, ಹೊಸ ನಂಬರ್ ಬೇರೆ ಬೇರೆ. ಒಂದನ್ನೇ ಬರೆದ ದೂರು "ಈ ನಂಬರಿನಲ್ಲಿ ಅಂಥ ಕೆಲಸ ಕಂಡುಬಂದಿಲ್ಲ" ಎಂಬ ವರದಿಯೊಂದಿಗೆ ಮುಚ್ಚಿಹೋಗುತ್ತದೆ. ಎರಡನ್ನೂ ಬರೆಯಿರಿ, ಅಕ್ಷಾಂಶ ರೇಖಾಂಶವನ್ನೂ ಬರೆಯಿರಿ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್, 30 ದಿನದ ಗಡುವು. "ಯೋಜನೆಯ ಮಾಹಿತಿ ಕೊಡಿ" ಎಂದು ಕೇಳಿದರೆ ಏನೂ ಬರುವುದಿಲ್ಲ. ಇಂಥ ಸರ್ವೆ ನಂಬರಿನ ಕಟ್ಟಡ ಪರವಾನಿಗೆಯ ಅರ್ಜಿ, ಸೈಟ್ ಪ್ಲಾನ್, ಸಿಆರ್‌ಝಡ್ ಅಭಿಪ್ರಾಯ, ಕಡತದ ಟಿಪ್ಪಣಿ ಪುಟ ಎಂದು ಒಂದೊಂದಾಗಿ ಕೇಳಬೇಕು. ಜತೆಗೆ 2(ಜೆ) ವಿಧಿಯಲ್ಲಿ ಕಡತವನ್ನು ಕಣ್ಣಾರೆ ನೋಡಲು ಅನುಮತಿ ಕೇಳಿ. ಯಾವ ಕಾಗದ ಕೇಳಬೇಕೆಂಬುದು ಕಡತ ನೋಡಿದ ಮೇಲೆಯೇ ತಿಳಿಯುವುದು.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕೊಟ್ಟ ಅರ್ಜಿಯನ್ನು ಹಿಂದೆ ಕಳಿಸಿದರೆ ಒಪ್ಪಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೇ ವ್ಯವಹರಿಸುವ ಮತ್ತು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕಿದೆ. ಆದರೂ ತಿರುವನಂತಪುರದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಹೋಗುವ ಪ್ರತಿಗೆ ಮಲಯಾಳದ ಅಥವಾ ಇಂಗ್ಲಿಷಿನ ಅನುವಾದ ನಾವೇ ಲಗತ್ತಿಸುತ್ತೇವೆ. ಹಕ್ಕು ನಮ್ಮದೇ, ಆದರೆ ಅನುವಾದಕ್ಕೆಂದು ಕಡತ ಎರಡು ತಿಂಗಳು ಕುಳಿತರೆ ಸಾಯುವುದು ಕಾಡು.

ಮಣ್ಣು ಬೀಳತೊಡಗಿದರೆ ಲೋಡ್ ಲೆಕ್ಕ ಇಡಬೇಕು. 10 ಸೆಂಟ್ಸ್ ಜಾಗವನ್ನು ಒಂದು ಮೀಟರ್ ಎತ್ತರಿಸಲು ಸುಮಾರು 405 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 14,300 ಘನ ಅಡಿ ಮಣ್ಣು ಬೇಕು. 150 ಅಡಿಯ ಟಿಪ್ಪರಿನಲ್ಲಿ 95 ಲೋಡ್. ಇಷ್ಟು ಕೆಂಪು ಮಣ್ಣು ಎಲ್ಲಿಂದಲಾದರೂ ಬರಲೇಬೇಕು, ಬರುವುದು ಒಳನಾಡಿನ ಮುರಕಲ್ಲಿನ ಗುಡ್ಡ ಕಡಿದು. ಮಣ್ಣು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪಾಸ್ ಬೇಕು. ಲಾರಿ ನಂಬರ್, ಹೊತ್ತು, ಬಂದ ದಾರಿ ಬರೆದಿಟ್ಟುಕೊಂಡರೆ ಅಳಿವೆಯ ದೂರಿನ ಜತೆಗೇ ಗುಡ್ಡದ ದೂರೂ ಆಗುತ್ತದೆ. ಅಳಿವೆಯ ಕಡತ ಮಲಗಿದ್ದಾಗ ಗುಡ್ಡದ ಕಡತ ಎದ್ದು ಕೆಲಸ ನಿಲ್ಲಿಸುವುದೂ ಉಂಟು. ಲಾರಿಗೆ ಅಡ್ಡ ನಿಲ್ಲುವುದು ಬೇಡ. ಕೇಸು ನಮ್ಮ ಮೇಲೆ ಬೀಳುತ್ತದೆ, ಮತ್ತೆ ಎಲ್ಲರ ಗಮನ ಅತ್ತಲೇ ಹೋಗುತ್ತದೆ.

ತುಂಬಿಸುವ ಕೆಲಸಕ್ಕೆ ಶುಕ್ರವಾರದ ರಾತ್ರಿ, ಎರಡನೇ ಶನಿವಾರ, ಓಣಂ ರಜೆ ಹೊಂದಿಬರುತ್ತವೆ, ಆಫೀಸು ತೆರೆಯುವ ಹೊತ್ತಿಗೆ ನೆಲ ಸಮವಾಗಿರುತ್ತದೆ. ಆದ್ದರಿಂದ ತಾರೀಕು ಮಾತ್ರ ಖಾಲಿ ಬಿಟ್ಟ ದೂರು ಮೊದಲೇ ಟೈಪಾಗಿರಲಿ. ಅದೇ ರಾತ್ರಿ ಕಲೆಕ್ಟರ್, ಆರ್‌ಡಿಒ, ತಹಸೀಲ್ದಾರ್‌, ವಿಲೇಜ್ ಆಫೀಸರ್, ಪಂಚಾಯತ್ ಕಾರ್ಯದರ್ಶಿ, ಕರಾವಳಿ ಪ್ರಾಧಿಕಾರ, ಇಷ್ಟು ಮಂದಿಗೂ ಒಂದೇ ಇಮೇಲ್ ಹೋಗಬೇಕು. ಒಬ್ಬರಿಗೆ ಮಾತ್ರ ಕಳಿಸಿದರೆ "ನಮ್ಮ ವ್ಯಾಪ್ತಿಯಲ್ಲ" ಎಂಬ ಉತ್ತರ ಖಂಡಿತ. ಬೆಳಗಾದ ಮೇಲೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಕಡತಕ್ಕೆ ಅಂಟಿಸಿ. ವಿಲೇಜ್ ಆಫೀಸರ್ ಸ್ಟಾಪ್ ಮೆಮೊ ಕೊಟ್ಟರೆ ಅದು ಕೆಲಸ ನಿಲ್ಲಿಸುತ್ತದೆ, ಅಷ್ಟೇ. ಬಿದ್ದ ಮಣ್ಣು ತೆಗೆಸುವ ಅಧಿಕಾರ 2008ರ ಕಾಯ್ದೆಯ 13ನೇ ವಿಧಿಯಲ್ಲಿ ಕಲೆಕ್ಟರಿಗಿದೆ. ಮೊದಲ ದೂರಿನಲ್ಲೇ ಅದನ್ನು ಬೇರೆಯಾಗಿ ಕೇಳಿರಬೇಕು.

ನಮಗೆ ಹೆಚ್ಚು ಕಷ್ಟ ಕೊಡುವುದು ಸರಕಾರವೇ ಮುಂದೆ ನಿಂತು ತರುವ ಇಕೋ ಟೂರಿಸಂ. ಕಾಂಡ್ಲಾ ನಡಿಗೆ, ಮರದ ಗುಡಿಸಲು, ಪ್ರಕೃತಿ ದಾರಿಗಳಿಗೆ 1ಎಯಲ್ಲೂ ಅವಕಾಶವಿದೆ. ಆದರೆ ಆ ಜಾಗ ಗುರುತಾಗಿರಬೇಕು, ಇಕೋ ಟೂರಿಸಂ ಯೋಜನೆ ಒಪ್ಪಿಗೆಯಾದ ಕರಾವಳಿ ನಿರ್ವಹಣಾ ಯೋಜನೆಯೊಳಗೇ ಇರಬೇಕು. ಕೇರಳದ ಹೊಸ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಅದರಲ್ಲಿ ನಮ್ಮ ಅಳಿವೆ ಇದೆಯೇ ಎಂಬುದು ಮೊದಲ ಪ್ರಶ್ನೆ. ಎರಡನೆಯದು, ದಾರಿಯ ಅಗಲವಲ್ಲ, ಅದರ ಹಿಂದೆ ಬರುವ ಸಾಮಾನು. ಒಂದೂವರೆ ಮೀಟರ್ ಹಲಗೆ ದಾರಿಯಿಂದ ಕಾಡಿಗೆ ಆಗುವ ಹಾನಿ ಕಡಿಮೆ. ಬಸ್ ತಿರುಗಿಸುವ ಪಾರ್ಕಿಂಗ್, ಶೌಚಾಲಯದ ಹೊಂಡ, ಹೈಮಾಸ್ಟ್ ದೀಪ, ಐಸ್‌ಕ್ರೀಂ ಗೂಡಂಗಡಿ, ಬೋಟ್ ಜೆಟ್ಟಿ, ಇವುಗಳ ಸರ್ವೆ ನಂಬರ್ ಪ್ರಸ್ತಾಪದಲ್ಲಿ ಇರುವುದೇ ಇಲ್ಲ. ಅದನ್ನೇ ಕೇಳಿ. ಉಬ್ಬರ ರೇಖೆ ಗುರುತಿಸಿದ್ದು ಅಧಿಕೃತ ಸಂಸ್ಥೆಯೇ, ಗ್ರಾಮ ನಕ್ಷೆಯ ಮೇಲೆಯೇ ಎಂದು ಕೇಳಿ.

ಗ್ರಾಮಸಭೆಗೆ ಹೋಗುವಾಗ ಕಾನೂನಿನ ಮಾತು ಕಡಿಮೆ ಇರಲಿ. ಊರ ಹುಡುಗರು "ನಮಗೆ ಕೆಲಸ ಸಿಗುತ್ತದೆ" ಎನ್ನುತ್ತಾರೆ, ಆ ಮಾತಿಗೆ ಮರ್ಯಾದೆ ಕೊಡಲೇಬೇಕು. ಮರುವಾಯಿ, ಏಡಿ, ಸಿಗಡಿ, ಮೀನಿನಿಂದ ಈ ಅಳಿವೆಯಲ್ಲಿ ಎಷ್ಟು ಮನೆ ನಡೆಯುತ್ತಿದೆ, ಯಾವ ತಿಂಗಳು ಎಷ್ಟು ಎಂದು ಮನೆಮನೆಗೆ ಹೋಗಿ ಬರೆದುಕೊಂಡು, ರೆಸಾರ್ಟಿನವರು ಬರವಣಿಗೆಯಲ್ಲಿ ಕೊಟ್ಟ ಉದ್ಯೋಗದ ಸಂಖ್ಯೆಯ ಪಕ್ಕ ಇಡುತ್ತೇವೆ. ಇದೇ ಪಟ್ಟಿಯನ್ನು ಪಂಚಾಯತಿನ ಜೀವವೈವಿಧ್ಯ ಸಮಿತಿಯ ದಾಖಲೆ ಪುಸ್ತಕದಲ್ಲಿ ಸೇರಿಸಲು ಕೊಡಬೇಕು. ಗ್ರಾಮಸಭೆಯ ಕೋರಂ ವಾರ್ಡಿನ ಮತದಾರರ ಶೇ. 10. ಕೋರಂ ಇಲ್ಲದ ಸಭೆಯ ನಿರ್ಣಯ, ಅದು ನಮ್ಮ ಪರ ಇದ್ದರೂ, ಮುಂದೆ ಬಿದ್ದುಹೋಗುತ್ತದೆ.

ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ನಮ್ಮದು ಚೆನ್ನೈಯ ದಕ್ಷಿಣ ಪೀಠ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ನ್ಯಾಯಮಂಡಳಿ ಕಾಯ್ದೆಯ 14ನೇ ವಿಧಿಯಲ್ಲಿ ಗಡುವು ಆರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ಈ ಆರು ತಿಂಗಳನ್ನು ಎಣಿಸುವುದು ಕಾರಣ ಮೊದಲು ಹುಟ್ಟಿದ ದಿನದಿಂದ. ಪಂಚಾಯತ್ ಉತ್ತರ ಕೊಡಲಿ ಎಂದು ಕಾದು ಕುಳಿತರೆ ಗಡುವು ಅಲ್ಲೇ ಕಳೆಯುತ್ತದೆ. ಕಟ್ಟ ಹಾಕಿದ ದಿನವನ್ನು ಡೈರಿಯಲ್ಲಿ ಬರೆದ ದಿನವೇ ಆರು ತಿಂಗಳ ಮೇಲಿನ ತಾರೀಕನ್ನೂ ಕೆಂಪಿನಲ್ಲಿ ಬರೆದಿಡಿ. ಕಟ್ಟಡ ಮೇಲೆದ್ದ ಮೇಲೆ ಏನೂ ಆಗದು ಎಂಬ ನಿರಾಶೆಯ ಮಾತಿಗೆ ವೇಂಬನಾಡು ಕಾಯಲಿನ ನೆಡಿಯತುರುತ್ತಿನ ರೆಸಾರ್ಟ್ ಉತ್ತರ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೆಡವಬೇಕೆಂದು ಹೇಳಿತು, 2022ರಲ್ಲಿ ಕೆಡವುವ ಕೆಲಸ ಶುರುವಾಯಿತು.

ಆದೇಶ ಸಿಕ್ಕಿದ ಮೇಲೆ ಮಣ್ಣು ತೆಗೆಯುವಾಗ ನಾವು ಪಕ್ಕದಲ್ಲಿ ನಿಂತಿರಬೇಕು. ಮೇಲಿನ ಮಣ್ಣು ಕೆರೆದು, ಕಟ್ಟವನ್ನು ಹಾಗೇ ಬಿಟ್ಟು ಹೋದರೆ ಕಾಡು ಬರುವುದಿಲ್ಲ. ಹಳೆಯ ಚಿತ್ರದಲ್ಲಿ ತೋಡು ಎಲ್ಲಿತ್ತೋ ಅಲ್ಲೇ, ಅದೇ ಅಗಲಕ್ಕೆ, ಕೆಸರಿನ ಮಟ್ಟದವರೆಗೆ ಕಟ್ಟ ಒಡೆಯಬೇಕು. ಕೂಡಲೇ ಗಿಡ ನೆಡುವ ಕಾರ್ಯಕ್ರಮಕ್ಕೆ ಅವಸರ ಬೇಡ. ಎಲ್ಲ ಕಡೆ ರೈಜೋಫೋರಾ ಎಂಬ ಇನ್ನೊಂದು ಜಾತಿಯ ಕಾಂಡ್ಲಾ ಒಂದನ್ನೇ ಸಾಲಾಗಿ ನೆಡುತ್ತಾರೆ, ಅವಿಸೆನಿಯಾ ಇದ್ದ ಜಾಗದಲ್ಲಿ ಅದು ಸರಿಯಾಗಿ ನಿಲ್ಲುವುದಿಲ್ಲ. ನೀರು ಸರಿಯಾಗಿ ಹೋಗಿ ಬಂದರೆ ಮಳೆಗಾಲದ ಹೊಳೆ ತಾನೇ ಬೀಜ ತಂದು ಹಾಕುತ್ತದೆ. ಮಳೆ ನಿಂತ ಮೇಲೆ ಇಳಿತದ ಹೊತ್ತಿಗೆ ಹೋಗಿ, ಒಂದು ಮೀಟರ್ ಚೌಕದ ಕೋಲಿನ ಚೌಕಟ್ಟನ್ನು ಹತ್ತು ಕಡೆ ಇಟ್ಟು ಮೊಳಕೆ ಎಣಿಸಿ, ಕಲೆಕ್ಟರ್ ಕಡತಕ್ಕೆ ಆ ಲೆಕ್ಕವನ್ನೂ ಸೇರಿಸುತ್ತೇವೆ. ಎರಡನೇ ವರ್ಷದ ಎಣಿಕೆ ಬರುವವರೆಗೆ ಕಡತ ಮುಚ್ಚಬಾರದೆಂದು ಅದರ ಮೇಲೆಯೇ ಬರೆಯುತ್ತೇವೆ.