ವರ್ಷಕ್ಕೊಮ್ಮೆ ಕೆಳಗಿಳಿಯುವ ಕೋವಿಗೆ ವಾರಕ್ಕೆ ಮೂರು ದಿನದ ಅಭ್ಯಾಸ

ಕೊಡಗಿನ ನಮ್ಮ ಮನೆಯ ಕೋವಿ ವರ್ಷವಿಡೀ ಬೀರುವಿನಲ್ಲೇ ಇರುತ್ತಿತ್ತು. ಗದ್ದೆ ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಅಜ್ಜ ಎಣ್ಣೆ ಬಟ್ಟೆಯಲ್ಲಿ ಒರೆಸಿ, ನಳಿಗೆಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆಗಿಡುತ್ತಿದ್ದರು. ಕಡಂಬುಟ್ಟು, ಪಂದಿ ಕರಿ ಊಟ ಆದಮೇಲೆ ಎಲ್ಲರೂ ಮೈದಾನಕ್ಕೆ ಹೊರಡುವುದು. ಅಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿರುತ್ತಿದ್ದರು. ಗುಂಡು ಹೊಡೆದು ಕಾಯಿ ಒಡೆದವರಿಗೆ ಬಹುಮಾನ.

ನನಗೆ 19 ವರ್ಷ ಇದ್ದಾಗ ಮೊದಲ ಸಲ ಸಾಲಿನಲ್ಲಿ ನಿಂತೆ. ತೋಟಾ ತುಂಬಿದ ಕೋವಿ ಕೈಯಲ್ಲಿತ್ತು. ಹಿಂದಿನಿಂದ ಯಾರೋ ನನ್ನ ಹೆಸರು ಕೂಗಿದರು. ನಾನು ಕೋವಿ ಸಮೇತ ತಿರುಗಿಬಿಟ್ಟೆ. ದೊಡ್ಡಪ್ಪ ಪಕ್ಕದಲ್ಲೇ ಇದ್ದರು. ಎರಡು ಹೆಜ್ಜೆ ಬಂದು, ನಳಿಗೆ ಹಿಡಿದು ಆಕಾಶಕ್ಕೆ ಎತ್ತಿದರು. ಆಗ ನೋಡಿಕೊಂಡೆ, ನನ್ನ ತೋರುಬೆರಳು ಟ್ರಿಗರ್ ಮೇಲೇ ಇತ್ತು. ಎದುರಿಗೆ ಸುಮಾರು ಮೂವತ್ತು ಜನ, ಅದರಲ್ಲಿ ಮಕ್ಕಳೂ ಇದ್ದರು. ದೊಡ್ಡಪ್ಪ ಬೈಯಲಿಲ್ಲ. "ಮಗಾ, ತಲೆ ತಿರುಗಲಿ, ಕೋವಿ ತಿರುಗಬಾರದು" ಅಂದರು, ಅಷ್ಟೇ.

ಆ ನಿಯಮ ನನಗೆ ಗೊತ್ತಿರಲಿಲ್ಲ ಅಂತಲ್ಲ. ಚಿಕ್ಕವಳಿದ್ದಾಗಿನಿಂದ ಕೇಳಿದ್ದೇ. ಆದರೆ ವರ್ಷಕ್ಕೊಂದು ದಿನ ಮುಟ್ಟುವ ವಸ್ತು ಕೈಗೆ ರೂಢಿಯಾಗುವುದಾದರೂ ಹೇಗೆ? ಯಾರೋ ಕೂಗಿದ ಗಳಿಗೆಯಲ್ಲಿ ತಲೆಗೆ ಯೋಚಿಸಲು ಸಮಯ ಸಿಗುವುದಿಲ್ಲ. ಕೈ ತನಗೆ ಬಂದದ್ದನ್ನೇ ಮಾಡುತ್ತದೆ.

ಈಗ ನನಗೆ 45. ಮೈಸೂರಿನಲ್ಲಿ ಕೆಲಸ. ಒಂಬತ್ತು ವರ್ಷದಿಂದ 10 ಮೀಟರ್ ಏರ್ ಪಿಸ್ತೂಲ್, ಅಂದರೆ ಗಾಳಿಯ ಒತ್ತಡದ ಪಿಸ್ತೂಲಿನಿಂದ 10 ಮೀಟರ್ ದೂರದ ಗುರಿಗೆ ಹೊಡೆಯುವ ಅಭ್ಯಾಸ ಮಾಡುತ್ತಿದ್ದೇನೆ, ಸಣ್ಣಪುಟ್ಟ ಸ್ಪರ್ಧೆಗಳಿಗೆ ಹೋಗುತ್ತೇನೆ. ದೊಡ್ಡ ಪದಕ ಯಾವುದೂ ಬಂದಿಲ್ಲ. ಆದರೆ ಕೋವಿ ಹಿಡಿಯುವ ಪ್ರತಿಯೊಬ್ಬರೂ ಹೀಗೆ ಸ್ಪರ್ಧೆಯ ದಾರಿಯಲ್ಲೇ ಕಲಿಯಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ನಮ್ಮ ಜಿಲ್ಲೆಯವರಂತೂ ಕಲಿಯಲೇಬೇಕು. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಇಷ್ಟು ದೊಡ್ಡ ನಂಬಿಕೆ ಇಟ್ಟಮೇಲೆ ನಮ್ಮ ಕೈಯೂ ಅದಕ್ಕೆ ತಕ್ಕ ಹಾಗೆ ಪಳಗಿರಬೇಕು ಅಲ್ವಾ?

ಶುರು ಮಾಡುವವರಿಗೆ ನನ್ನ ಮೊದಲ ಮಾತು: ಏನನ್ನೂ ಕೊಳ್ಳಬೇಡಿ. ಹತ್ತಿರದ ರೈಫಲ್ ಕ್ಲಬ್ ಅಥವಾ 10 ಮೀಟರ್ ರೇಂಜ್ ಹುಡುಕಿ. ಅಲ್ಲಿಯ ಗನ್ನಿನಲ್ಲೇ ಎರಡು ತಿಂಗಳು ಹೊಡೆಯಿರಿ. ಪಿಸ್ತೂಲ್ ಇಷ್ಟವೋ ರೈಫಲ್ ಇಷ್ಟವೋ ಅಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಆಮೇಲೆ ಸ್ವಂತದ್ದು ಬೇಕೆನಿಸಿದರೆ ಕೊಳ್ಳಬಹುದು. 4.5 ಮಿ.ಮೀ. ಅಳತೆಯ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ಗನ್ನಿಗೆ ಶಸ್ತ್ರಾಸ್ತ್ರ ಲೈಸೆನ್ಸ್ ಬೇಡ. ಅದರ ಪುಟ್ಟ ಗುಂಡು, ಅಂದರೆ ಪೆಲೆಟ್, 500ರ ಡಬ್ಬಿಯಲ್ಲಿ ಸಿಗುತ್ತದೆ. ಕೋವಿಯ ಒಂದೊಂದು ತೋಟಾಕ್ಕೆ ಕೊಡುವ ದುಡ್ಡು ನೆನೆದರೆ ಇದು ಏನೂ ಅಲ್ಲ. ಕಡಿಮೆ ಖರ್ಚಿನಲ್ಲಿ ಜಾಸ್ತಿ ಹೊಡೆಯಬಹುದು, ಅದೇ ಮುಖ್ಯ.

ಏರ್ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈ ಜೇಬಿನಲ್ಲೋ ಬೆಲ್ಟಿನಲ್ಲೋ ಇರಲಿ, ತೂಗಾಡಬಾರದು. ಕಾಲುಗಳ ನಡುವೆ ಭುಜದಷ್ಟು ಅಂತರ ಇರಲಿ. ಕಣ್ಣು ಮುಚ್ಚಿ ತೋಳು ಎತ್ತಿ, ಆಮೇಲೆ ಕಣ್ಣು ಬಿಡಿ. ಪಿಸ್ತೂಲು ಗುರಿಯ ಎಡಕ್ಕೆ ನೋಡುತ್ತಿದ್ದರೆ ತೋಳನ್ನು ಎಳೆದು ತರಬೇಡಿ, ಹಿಂದಿನ ಕಾಲನ್ನು ಸ್ವಲ್ಪ ಸರಿಸಿ. ಎಳೆದು ತಂದ ತೋಳು ಟ್ರಿಗರ್ ಒತ್ತುವ ಹೊತ್ತಿಗೆ ಮತ್ತೆ ತನ್ನ ಜಾಗಕ್ಕೇ ಓಡುತ್ತದೆ.

ಇನ್ನು ಕಣ್ಣಿನ ವಿಷಯ. ಇಲ್ಲೇ ಎಲ್ಲರೂ ಎಡವುವುದು, ನಾನೂ ಒಂದು ವರ್ಷ ಇಲ್ಲೇ ಒದ್ದಾಡಿದೆ. ಮನಸ್ಸು ಗುರಿಯನ್ನು ನೋಡು ಅನ್ನುತ್ತದೆ. ನೋಡಬೇಕಾದ್ದು ಮುಂದಿನ ಸೈಟನ್ನು, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಪುಟ್ಟ ಕಡ್ಡಿಯನ್ನು. ಅದು ಕಡೆದಿಟ್ಟ ಹಾಗೆ ಸ್ಪಷ್ಟವಾಗಿ ಕಾಣಬೇಕು. ಹಿಂದಿನ ಸೈಟಿನ ಕಂಡಿಯಲ್ಲಿ ಅದರ ಎರಡೂ ಪಕ್ಕ ಸಮ ಬೆಳಕು ಇರಬೇಕು. ಗುರಿಯ ಕಪ್ಪು ವೃತ್ತ ಮಂಜಿನಲ್ಲಿ ಕಂಡಂತೆ ಮಸುಕಾಗಿರಲಿ, ಅದರ ಕೆಳಗೆ ಒಂದಿಷ್ಟು ಬಿಳಿ ಬಿಟ್ಟು ಸೈಟನ್ನು ನಿಲ್ಲಿಸಿ. ಯಾಕೆ ಅಂದರೆ, ಕೈ ಪೂರ್ತಿಯಾಗಿ ಎರಡು ಮಿ.ಮೀ. ಅಲುಗಿದರೆ ಗುಂಡು ಕೂಡ ಸುಮಾರು ಅಷ್ಟೇ ಸರಿಯುತ್ತದೆ. ಆದರೆ ಎರಡು ಸೈಟುಗಳ ಹೊಂದಾಣಿಕೆ ಒಂದೇ ಒಂದು ಮಿ.ಮೀ. ತಪ್ಪಿದರೆ 10 ಮೀಟರ್ ಆಚೆ ಗುಂಡು ಸುಮಾರು ಮೂರು ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ಪಿಸ್ತೂಲ್ ಗುರಿಯಲ್ಲಿ ಹತ್ತು ಅಂಕದ ವೃತ್ತ 11.5 ಮಿ.ಮೀ., ಅಂಗಿಯ ಗುಂಡಿಯಷ್ಟು. ಮೂರು ಸೆಂ.ಮೀ. ಸರಿದರೆ ಕಥೆ ಮುಗಿಯಿತು. ರೈಫಲಿನವರ ಕಷ್ಟ ಇನ್ನೂ ದೊಡ್ಡದು. ಅವರ ಹತ್ತು ಅಂಕದ ಚುಕ್ಕಿ ಅರ್ಧ ಮಿ.ಮೀ., ಸಾಸಿವೆ ಕಾಳಿಗಿಂತ ಸಣ್ಣದು.

ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಅಂತ ನಿಯಮ. ಅರ್ಧ ಕಿಲೋ ಕಾಫಿ ಪುಡಿ ಪೊಟ್ಟಣವನ್ನು ಒಂದೇ ಬೆರಳಿಗೆ ತೂಗುಹಾಕಿ ನೋಡಿ, ಅಂದಾಜು ಸಿಗುತ್ತದೆ. ಆ ಭಾರವನ್ನು ಸ್ವಲ್ಪ ಸ್ವಲ್ಪವಾಗಿ, ನೇರ ಹಿಂದಕ್ಕೆ ಒತ್ತುತ್ತಾ ಹೋಗಬೇಕು. ಗುಂಡು ಯಾವ ಕ್ಷಣ ಹೋಗುತ್ತದೆ ಅನ್ನುವುದು ನಿಮಗೇ ಸ್ವಲ್ಪ ಅಚ್ಚರಿಯಾಗಬೇಕು. "ಈಗ!" ಅಂತ ಮನಸ್ಸು ಕೂಗಿ ಬೆರಳು ಕಿತ್ತರೆ ಗುಂಡು ಕೆಳಗೆ ಬೀಳುತ್ತದೆ. ಏಳೆಂಟು ಸೆಕೆಂಡಿನಲ್ಲಿ ಗುಂಡು ಹೋಗಲಿಲ್ಲವೇ, ಕೈ ಇಳಿಸಿ. ಉಸಿರಾಡಿ. ಮತ್ತೆ ಎತ್ತಿ. ಹೊಡೆಯದೆ ಕೈ ಇಳಿಸುವುದನ್ನು ನಾನು ಎಲ್ಲಕ್ಕಿಂತ ದೊಡ್ಡ ವಿದ್ಯೆ ಅಂದುಕೊಂಡಿದ್ದೇನೆ. ಹಬ್ಬದ ಮೈದಾನದಲ್ಲಿ ಎಲ್ಲರೂ ನೋಡುತ್ತಿರುವಾಗ ಹಾಗೆ ಇಳಿಸುವ ಧೈರ್ಯ ಎಷ್ಟು ಜನಕ್ಕಿದೆ?

ವಾರಕ್ಕೆ ಮೂರು ದಿನ ಸಾಕು. ಎರಡು ದಿನ ರೇಂಜಿನಲ್ಲಿ, ದಿನಕ್ಕೆ 40 ಗುಂಡು. ಒಂದು ದಿನ ಮನೆಯಲ್ಲಿ ಗುಂಡಿಲ್ಲದ ಅಭ್ಯಾಸ. ಭಾನುವಾರ ಕೂತು 200 ಗುಂಡು ಒಟ್ಟಿಗೆ ಹೊಡೆಯುವವರನ್ನು ನೋಡಿದ್ದೇನೆ. ಅರವತ್ತು ಗುಂಡು ದಾಟಿದ ಮೇಲೆ ಅವರ ಕೈ ಸುಸ್ತಾಗಿ ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತಿರುತ್ತದೆ. ಮನೆಯ ಅಭ್ಯಾಸಕ್ಕೆ ಬಿಳಿ ಗೋಡೆ ಸಾಕು, ಚುಕ್ಕಿಯೂ ಬೇಡ. ಗೋಡೆಗೆ ಮುಖ ಮಾಡಿ, ಸೈಟ್ ಮಾತ್ರ ನೋಡುತ್ತಾ ಟ್ರಿಗರ್ ಒತ್ತಿ. ಸೈಟ್ ಅಲುಗಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಆದರೆ ಮೊದಲು ಗನ್ ಖಾಲಿ ಇದೆಯೇ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಗೋಡೆಯ ಆಚೆ ಯಾರೂ ಇರದ ದಿಕ್ಕು ಆರಿಸಿ. ಹಳೇ ಕೋವಿಯಲ್ಲಿ ಹೀಗೆ ಸುಮ್ನೆ ಖಾಲಿ ಟ್ರಿಗರ್ ಒತ್ತಬೇಡಿ, ಒಳಗಿನ ಪಿನ್ ಹಾಳಾಗಬಹುದು. ಅದಕ್ಕೆ ಅಂತಲೇ ನಕಲಿ ತೋಟಾ ಸಿಗುತ್ತದೆ.

ನಮ್ಮ ಕೋಚ್ ಸೇನೆಯಿಂದ ನಿವೃತ್ತರಾದವರು. ಮೊದಲ ವಾರವೇ ಒಂದು ನೋಟ್‌ಬುಕ್ ತರಿಸಿದರು. ಪುಟಕ್ಕೆ ಎರಡು ಭಾಗ. "ಮೇಡಂ, ಗುಂಡು ಎಲ್ಲಿ ಬಿತ್ತು ಅಂತ ನೋಡೋ ಮುಂಚೆ ನೀವೇ ಹೇಳಿ, ಎಲ್ಲಿ ಬಿದ್ದಿರಬೇಕು ಅಂತ" ಅಂದರು. ಎಡಗಡೆ ನನ್ನ ಊಹೆ, ಬಲಗಡೆ ನಿಜವಾಗಿ ಬಿದ್ದ ಜಾಗ. ಮೊದಲ ತಿಂಗಳು ಎರಡಕ್ಕೂ ಸಂಬಂಧವೇ ಇರಲಿಲ್ಲ. ನಾನು "ಹತ್ತು" ಅಂದದ್ದು ಏಳಕ್ಕೆ ಬಿದ್ದಿರುತ್ತಿತ್ತು. ಆರನೇ ತಿಂಗಳಿಗೆ "ಎಂಟು, ಎಡಕ್ಕೆ" ಅಂದರೆ ಎಂಟೇ, ಎಡಕ್ಕೇ. ಅಂಕ ಅಷ್ಟೇನೂ ಏರಿರಲಿಲ್ಲ. ಆದರೆ ನನ್ನ ಕೈ ಏನು ಮಾಡುತ್ತಿದೆ ಅಂತ ನನಗೆ ಗೊತ್ತಾಗತೊಡಗಿತ್ತು. ಆ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ.

ಇಷ್ಟಾದ ಮೇಲೆ ಸ್ಪರ್ಧೆಗೆ ಹೆಸರು ಕೊಡಿ. ಇನ್ನೂ ಚೆನ್ನಾಗಿ ಕಲಿತು ಆಮೇಲೆ ಹೋಗೋಣ ಅಂತ ಕಾಯಬೇಡಿ. ಕ್ಲಬ್ಬಿನೊಳಗಿನ ಪುಟ್ಟ ಪಂದ್ಯವೇ ಆಗಲಿ, ಎಂಟು ಜನ ಇದ್ದರೂ ಸಾಕು. ಏರ್ ಪಿಸ್ತೂಲಿನಲ್ಲಿ 75 ನಿಮಿಷಕ್ಕೆ 60 ಗುಂಡು. ಅದಕ್ಕೆ ಮೊದಲು 15 ನಿಮಿಷ ಸಿದ್ಧತೆಗೆ, ಲೆಕ್ಕಕ್ಕಿಲ್ಲದ ಗುಂಡುಗಳಿಗೆ. ಪೂರ್ಣ ಅಂಕ 600.

ನನ್ನ ಮೊದಲ ಪಂದ್ಯದಲ್ಲಿ ಬಂದದ್ದು 487. ಹತ್ತತ್ತು ಗುಂಡಿನ ಆರು ಸರಣಿಯನ್ನು ಬಿಡಿಸಿ ಬರೆದುಕೊಂಡೆ: 71, 80, 84, 85, 83, 84. ಅಭ್ಯಾಸದಲ್ಲಿ ನನ್ನ ಮೊದಲ ಸರಣಿ ಸಾಮಾನ್ಯವಾಗಿ 85ರ ಆಸುಪಾಸು. ಅಂದರೆ ಆ ದಿನ ನನ್ನ ಕೈಯಲ್ಲಿ ದೋಷ ಇರಲಿಲ್ಲ. "ಸ್ಟಾರ್ಟ್" ಅಂದ ಕೂಡಲೇ ಎದೆ ಡವಡವ ಅಂದದ್ದು, ಬಾಯಿ ಒಣಗಿದ್ದು, ಪಕ್ಕದವರು ಹೊಡೆದ ಸದ್ದಿಗೆ ನಾನೂ ಅವಸರ ಮಾಡಿದ್ದು, ಇದೆಲ್ಲ ಸೇರಿ ಮೊದಲ ಹತ್ತು ನಿಮಿಷದಲ್ಲೇ ಹಾನಿ ಮಾಡಿತ್ತು. ಒಬ್ಬಳೇ ನಿಂತು ಎಷ್ಟು ವರ್ಷ ಹೊಡೆದಿದ್ದರೂ ಈ ವಿಷಯ ನನಗೆ ತಿಳಿಯುತ್ತಿರಲಿಲ್ಲ. ಮುಂದಿನ ಪಂದ್ಯದಲ್ಲಿ ಆ 15 ನಿಮಿಷವನ್ನೂ ಪೂರ್ತಿ ಬಳಸಿದೆ. ಇಪ್ಪತ್ತು ಗುಂಡು ಹೊಡೆದೆ, ಮೂರು ಸಲ ಬೇಕೆಂದೇ ಹೊಡೆಯದೆ ಕೈ ಇಳಿಸಿದೆ. ಮೊದಲ ಸರಣಿ 82 ಬಂತು.

ಪಂದ್ಯದ ದಿನ ಬೆಳಿಗ್ಗೆ ಕಾಫಿ ಬಿಡಿ. ಕಾಫಿ ತೋಟದ ಮನೆಯಲ್ಲಿ ಬೆಳೆದ ನನಗೆ ಇದು ನಿಜಕ್ಕೂ ಕಷ್ಟದ ಮಾತು, ಆದರೆ ಕೈನಡುಕ ಕಣ್ಣಿಗೇ ಕಾಣುತ್ತದೆ. ಚಪ್ಪಟೆ ತಳದ ಶೂ ಹಾಕಿ. ಕಿವಿಗೆ ಪ್ಲಗ್, ಕಣ್ಣಿಗೆ ಕನ್ನಡಕ ಇರಲಿ. ಪೆಲೆಟ್ ಸೀಸದ್ದು, ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಗನ್ ಕೈಕೊಟ್ಟರೆ ಗಾಬರಿಯಾಗದೆ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಅಧಿಕಾರಿಯನ್ನು ಕರೆಯಿರಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ಮಧ್ಯೆಯೇ ಕೆಟ್ಟಿತ್ತು, ಫೈನಲ್ ಕೈತಪ್ಪಿತು. ಅವರೇ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಬೆಳ್ಳಿ ಗೆದ್ದರು. ನಾನು ರೇಂಜಿಗೆ ಹೋಗಲು ಸೋಮಾರಿತನ ಬಂದಾಗ ಇವರನ್ನು ನೆನೆಯುತ್ತೇನೆ.

ಆದರೆ ಪಂದ್ಯ ನನಗೆ ಕಲಿಸಿದ ದೊಡ್ಡ ಪಾಠ ಅಂಕದ್ದಲ್ಲ, ಆಜ್ಞೆಯದ್ದು. "ಲೋಡ್" ಅನ್ನುವವರೆಗೆ ಪೆಲೆಟ್ ತುಂಬುವಂತಿಲ್ಲ. "ಸ್ಟಾಪ್" ಅಂದರೆ ಒತ್ತುತ್ತಿದ್ದ ಬೆರಳು ಅಲ್ಲೇ ನಿಲ್ಲಬೇಕು. ಮುಗಿದ ಮೇಲೆ "ಅನ್‌ಲೋಡ್". ಆಗ ನಳಿಗೆಗೆ ಬಣ್ಣದ ದಾರ ತೂರಿಸಿ, ಖಾಲಿ ಇದೆ ಅಂತ ಅಧಿಕಾರಿಗೆ ತೋರಿಸಿಯೇ ಹಿಂದೆ ಸರಿಯಬೇಕು. ಪ್ರತಿ ವಾರ, ಪ್ರತಿ ತಿಂಗಳು ಇದೇ. ತಪ್ಪಿದರೆ ಪಂದ್ಯದಿಂದಲೇ ಹೊರಗೆ ಹಾಕಬಹುದು, ಎಷ್ಟೇ ಅಂಕ ಇರಲಿ. ಹಾಗಾಗಿ ಮನೆಯಲ್ಲಿ ಹೇಳಿಕೊಟ್ಟ ಮಾತು ಕಿವಿಯಿಂದ ಇಳಿದು ಬೆರಳಿಗೆ ಬರುತ್ತದೆ.

ಕೋವಿ ಮತ್ತು ಏರ್ ಪಿಸ್ತೂಲು ಒಂದೇ ಅಲ್ಲ, ಇದನ್ನೂ ಹೇಳಬೇಕು. ಕೋವಿಯ ಹಿಂದೊದೆತ ಬೇರೆ, ಭುಜಕ್ಕೆ ಒತ್ತಿ ಹಿಡಿಯುವ ರೀತಿ ಬೇರೆ, ಅದನ್ನು ಬಲ್ಲವರ ಹತ್ತಿರ ನಿಂತೇ ಕಲಿಯಬೇಕು. ಮರದ ಮೇಲಿನ ಕಾಯಿಗೆ ಹೊಡೆದ ಗುಂಡು ತಪ್ಪಿದರೆ ಆಚೆ ಎಲ್ಲಿ ಹೋಗಿ ಬೀಳುತ್ತದೆ ಅಂತ ಮೊದಲೇ ನೋಡಿಕೊಳ್ಳಬೇಕು. 10 ಮೀಟರ್ ರೇಂಜಿನಲ್ಲಿ ಆ ಚಿಂತೆ ಇಲ್ಲ. ಬೆರಳಿನ ಹದ, ಉಸಿರಿನ ಹದ, ಹೊಡೆಯದೆ ಇಳಿಸುವ ತಾಳ್ಮೆ, ನಳಿಗೆಯ ದಿಕ್ಕು, ಇವು ನಾಲ್ಕು ಮಾತ್ರ ಎರಡಕ್ಕೂ ಒಂದೇ.

ಕಳೆದ ಕೈಲ್ ಮುಹೂರ್ತಕ್ಕೆ ಊರಿಗೆ ಹೋಗಿದ್ದೆ. ನನ್ನ ಸರದಿ ಬಂತು. ಮೊದಲ ಸಲ ಕೋವಿ ಎತ್ತಿ, ಗಾಳಿಗೆ ಕಾಯಿ ಓಲಾಡುತ್ತಿದ್ದರಿಂದ ಇಳಿಸಿದೆ. ಹಿಂದಿನಿಂದ "ಹೊಡಿ ಹೊಡಿ" ಅಂತ ಕೂಗು. ಎರಡನೇ ಸಲ ಎತ್ತಿ ಹೊಡೆದೆ. ಕಾಯಿಯ ಪಕ್ಕದ ಸೊಪ್ಪು ಉದುರಿತು, ಕಾಯಿ ಅಲ್ಲೇ ಇತ್ತು. ನಳಿಗೆ ಮಡಚಿ, ಖಾಲಿ ತೋಟಾ ತೆಗೆದು, ಪಕ್ಕದಲ್ಲಿದ್ದ ತಂಗಿಯ ಮಗಳಿಗೆ ತೋರಿಸಿದೆ. ಅವಳಿಗೆ 14 ವರ್ಷ, ಈ ಬೇಸಿಗೆಯಿಂದ ನನ್ನ ಜೊತೆ ರೇಂಜಿಗೆ ಬರುತ್ತಿದ್ದಾಳೆ. ಅವಳು ಬಗ್ಗಿ ನಳಿಗೆಯೊಳಗೆ ನೋಡಿ, "ಖಾಲಿ ಇದೆ ದೊಡ್ಡಮ್ಮ" ಅಂದಳು. ಆಮೇಲೆ ತಾನೂ ಒಮ್ಮೆ ಬೆರಳಿಟ್ಟು ಮುಟ್ಟಿ ನೋಡಿದಳು. ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ, ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಾನು ಕೋವಿಯನ್ನು ಹಾಗೇ ಮಡಚಿದ ಸ್ಥಿತಿಯಲ್ಲಿ ತೋಳ ಮೇಲೆ ಹಾಕಿಕೊಂಡು, ನೆಲದ ಕಡೆ ನಳಿಗೆ ಮಾಡಿ, ಅವರ ಹತ್ತಿರ ನಡೆದೆ.